ಉಸಿರಿನ ನಾಳಕ್ಕೆ ಬಿಸಿಯ ಚಿಕಿತ್ಸೆ: ಹತ್ತು ವರ್ಷದ ಮೇಲಿನ ಮಾತೇನು?

ಉಸಿರು ನಿರಾಯಾಸವಾಗಿ ನಡೆಯುತ್ತಿರುವವರೆಗೆ ಅದರ ನೆನಪು ಯಾರಿಗೂ ಬಾರದು. ಅದಕ್ಕೆ ತಡೆ ಬಂದ ರಾತ್ರಿ ಮಾತ್ರ ಮನೆಮಂದಿಯೆಲ್ಲ ಎಚ್ಚರವಿದ್ದು, ಒಂದು ಜೀವ ಗಾಳಿಗಾಗಿ ಹೋರಾಡುವುದನ್ನು ಕೈಕಟ್ಟಿ ನೋಡಬೇಕಾಗುತ್ತದೆ. ಉಬ್ಬಸ, ದಮ್ಮು, ಗೂರಲು ಎಂದು ನಾಡಿನ ಜನ ಕರೆದ, ಆಯುರ್ವೇದವು ತಮಕಶ್ವಾಸವೆಂದು ಹೆಸರಿಸಿದ, ಇಂದಿನ ವೈದ್ಯರು ಅಸ್ತಮಾ ಎನ್ನುವ ಈ ವ್ಯಾಧಿಯ ಪರಿಚಯವಿಲ್ಲದ ಮನೆತನ ನಮ್ಮ ಮಲೆನಾಡಿನ ಅಂಚಿನಲ್ಲಿ ವಿರಳವೆಂದೇ ಹೇಳಬೇಕು. ಇದರ ಒಂದು ಹೊಸ ಚಿಕಿತ್ಸೆಯ ಕುರಿತು ಭಕ್ತರೊಬ್ಬರ ಮನೆಯಲ್ಲಿ ನಮಗೆದುರಾದ ಪ್ರಶ್ನೆಯನ್ನೂ, ಅದಕ್ಕೆ ನಾವು ಹುಡುಕಿಕೊಂಡ ಉತ್ತರವನ್ನೂ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಹೆಬ್ಬೆಯ ಮನೆಯಲ್ಲಿ

ತರೀಕೆರೆಯ ಕಡೆಯಿಂದ ಲಿಂಗದಹಳ್ಳಿಯನ್ನು ದಾಟಿ ಬಾಬಾಬುಡನ್ ಗಿರಿಶ್ರೇಣಿಯತ್ತ ಏರುವ ದಾರಿ ನಮ್ಮ ಓದುಗರಲ್ಲಿ ಅನೇಕರಿಗೆ ಪರಿಚಿತವಾದುದೇ. ಕಲ್ಹತ್ತಿಗಿರಿಯ ವೀರಭದ್ರಸ್ವಾಮಿಯ ದರ್ಶನ ಮುಗಿಸಿ ಮೇಲೆ ಹೋದರೆ ಕೆಮ್ಮಣ್ಣುಗುಂಡಿ; ಅಲ್ಲಿಂದ ಕಾಫಿ ತೋಟಗಳ ನಡುವೆ ಇಳಿದರೆ, ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತಗಳಲ್ಲಿ ಸುಮಾರು 168 ಮೀಟರ್ ಎತ್ತರದಿಂದ ಧುಮುಕುವ ಜಲಪಾತ. ನೋಡಲು ಬರುವವರಿಗೆ ಅದು ಸ್ವರ್ಗ. ಆದರೆ ಆ ಮಂಜು, ಆ ತಂಪು, ಮಳೆಗಾಲದಲ್ಲಿ ಗೋಡೆಗೆ ಕಟ್ಟುವ ಬೂಷ್ಟು, ಒದ್ದೆ ಸೌದೆಯ ಹೊಗೆ, ಇವೆಲ್ಲವೂ ಉಬ್ಬಸದವರ ಎದೆಗೆ ಶತ್ರುಗಳು.

ಕಳೆದ ಕಾರ್ತಿಕ ಮಾಸದಲ್ಲಿ ಆ ಭಾಗದ ಭಕ್ತರೊಬ್ಬರ ಮನೆಯ ಪೂಜೆಗೆ ನಾವು ಹೋಗಿದ್ದೆವು. ಪ್ರಸಾದ ಮುಗಿದ ಮೇಲೆ ಮನೆಯ ಹಿರಿಯ ತಾಯಿ ತಮ್ಮ ಮಗನನ್ನು ಕರೆದು ನಮ್ಮೆದುರು ಕೂರಿಸಿದರು. ನಲವತ್ತು ದಾಟಿದ ಆಳು. ತೋಟದ ಕೆಲಸವನ್ನೆಲ್ಲ ತಾನೇ ನೋಡಿಕೊಳ್ಳುವವನು. ಬಾಲ್ಯದಿಂದ ಉಬ್ಬಸ. ಹಿಂದಿನ ವರ್ಷವೊಂದರಲ್ಲೇ ಮೂರು ಬಾರಿ ರಾತ್ರೋರಾತ್ರಿ ಜೀಪಿನಲ್ಲಿ ಕೆಳಗಿಳಿಸಿ ಆಸ್ಪತ್ರೆ ಸೇರಿಸಬೇಕಾಗಿ ಬಂದಿತ್ತು. ನಗರದ ಒಂದು ದೊಡ್ಡ ಆಸ್ಪತ್ರೆಯಲ್ಲಿ, ‘ಶ್ವಾಸನಾಳಕ್ಕೆ ಒಳಗಿನಿಂದ ಬಿಸಿ ಕೊಡುವ ಚಿಕಿತ್ಸೆಯೊಂದಿದೆ, ಮಾಡಿಸಿಬಿಡಿ’ ಎಂದು ಸಲಹೆ ಬಂದಿತ್ತಂತೆ. ಖರ್ಚು ಲಕ್ಷಗಳ ಮಾತು. ತೋಟದ ಒಂದು ಭಾಗವನ್ನು ಅಡವಿಡಲು ಮನೆಯವರು ಸಿದ್ಧರಾಗಿದ್ದರು.

“ಶಾಸ್ತ್ರಿಗಳೇ, ದುಡ್ಡಿನ ಚಿಂತೆ ನಮಗಿಲ್ಲ” ಎಂದರು ಆ ತಾಯಿ. “ಒಳಗೆ ಸುಟ್ಟ ನಾಳ ಹತ್ತು ವರ್ಷದ ಮೇಲೆ ಏನಾಗುತ್ತೆ ಅಂತ ನಮಗೆ ಯಾರೂ ಹೇಳಲಿಲ್ಲ. ಆಗ ನಾನಿರೋದಿಲ್ಲ. ಅವನ ಮಕ್ಕಳು ಚಿಕ್ಕವು.”

ನಾವು ವೈದ್ಯರಲ್ಲ, ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಶಾಸ್ತ್ರಗಳನ್ನು ಓದಿಕೊಂಡವರು. ಆದರೂ ಆ ಪ್ರಶ್ನೆ ನಮ್ಮನ್ನು ತಟ್ಟಿತು. ಅದಕ್ಕೆ ನಮ್ಮದೇ ಆದ ಕಾರಣವೂ ಇತ್ತು. ನಮ್ಮ ಪಾಠಶಾಲೆಯ ದಿನಗಳಲ್ಲಿ, ಎಂದರೆ 1970ರ ದಶಕದಲ್ಲಿ, ನಮ್ಮ ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದ ಸಹಪಾಠಿಗೆ ಉಬ್ಬಸವಿತ್ತು. ಊರೂರು ತಿರುಗುವ ಔಷಧ ಮಾರುವವನೊಬ್ಬ ಕೊಟ್ಟ ಪುಡಿಯಿಂದ ಅವನು ವಾರದಲ್ಲೇ ಗುಣ ಕಂಡ. ಮುಖ ದುಂಡಗಾಯಿತು, ಹಸಿವು ಹೆಚ್ಚಿತು, ನಾವೆಲ್ಲ ಸಂತೋಷಪಟ್ಟೆವು. ಎರಡು ವರ್ಷ ಹೀಗೆ ನಡೆಯಿತು. ಒಂದು ಮಳೆಗಾಲ ಆ ಮನುಷ್ಯ ಬರಲಿಲ್ಲ, ಪುಡಿ ತೀರಿತು. ಹದಿನೈದು ದಿನಗಳೊಳಗೆ ಆ ಹುಡುಗ ಒಂದು ರಾತ್ರಿ ನಮ್ಮ ಕಣ್ಣೆದುರೇ ತೀರಿಕೊಂಡ. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿದ್ದಿರಬೇಕೆಂದೂ, ಬಹುಕಾಲ ಸೇವಿಸಿದ ಸ್ಟೀರಾಯ್ಡ್ ಅನ್ನು ಥಟ್ಟನೆ ನಿಲ್ಲಿಸುವುದು ಪ್ರಾಣಾಪಾಯವೆಂದೂ ಎಷ್ಟೋ ವರ್ಷಗಳ ಮೇಲೆ ವೈದ್ಯರೊಬ್ಬರಿಂದ ತಿಳಿದೆವು. ಇಂದು ಕಂಡ ಗುಣ ನಾಳೆಯ ಕ್ಷೇಮಕ್ಕೆ ಸಾಕ್ಷಿಯಾಗಲಾರದೆಂಬ ಪಾಠವನ್ನು ನಾವು ಕಲಿತದ್ದು ಹಾಗೆ.

ಆದಕಾರಣ, ಮಠದ ಪ್ರಸಾದ ನಿಲಯದಲ್ಲಿ ಓದಿ ಈಗ ಶ್ವಾಸಕೋಶ ತಜ್ಞರಾಗಿರುವ ಶಿಷ್ಯರೊಬ್ಬರನ್ನು ಕೂರಿಸಿಕೊಂಡು, ಈ ಚಿಕಿತ್ಸೆಯ ಬಗೆಗಿನ ಅಧ್ಯಯನಗಳನ್ನು ಒಂದೊಂದಾಗಿ ಓದಿಸಿ ಅರ್ಥಮಾಡಿಕೊಂಡೆವು.

ಚಿಕಿತ್ಸೆಯ ಸ್ವರೂಪ

ಅಸ್ತಮಾದಲ್ಲಿ ಶ್ವಾಸನಾಳಗಳ ಒಳಪದರ ಊದಿಕೊಂಡು ಕಫ ತುಂಬುತ್ತದೆ. ನಾಳವನ್ನು ಸುತ್ತುವರಿದ ಸ್ನಾಯು ಬಿಗಿದುಕೊಳ್ಳುತ್ತದೆ. ವರ್ಷಗಟ್ಟಲೆ ರೋಗವಿದ್ದವರಲ್ಲಿ ಈ ಸ್ನಾಯು ದಪ್ಪವಾಗಿ ಬೆಳೆದಿರುವುದೂ ಉಂಟು. ಆ ಸ್ನಾಯುವನ್ನೇ ಶಾಖದಿಂದ ಕುಗ್ಗಿಸಿದರೆ ನಾಳ ಬಿಗಿಯುವುದು ತಪ್ಪೀತೆಂಬುದು ‘ಬ್ರಾಂಕಿಯಲ್ ಥರ್ಮೋಪ್ಲಾಸ್ಟಿ’ ಎಂಬ ಈ ಚಿಕಿತ್ಸೆಯ ತತ್ತ್ವ. ಮೂಗು ಅಥವಾ ಬಾಯಿಯ ಮೂಲಕ ದುರ್ಬೀನಿನ ಕೊಳವೆಯನ್ನು ಇಳಿಸಿ, ಅದರೊಳಗಿಂದ ಸಣ್ಣ ತಂತಿಬುಟ್ಟಿಯಂಥ ಸಾಧನವನ್ನು ನಾಳದ ಗೋಡೆಗೆ ತಾಗಿಸಿ, ರೇಡಿಯೋ ತರಂಗದ ಶಕ್ತಿಯಿಂದ ಸುಮಾರು 65 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಪ್ರತಿ ಸಲ 10 ಸೆಕೆಂಡುಗಳ ಕಾಲ ಕೊಡುತ್ತಾರೆ. 3ರಿಂದ 10 ಮಿಲಿಮೀಟರ್ ಅಗಲದ ನಾಳಗಳಿಗೆ ಮಾತ್ರ ಇದು ಸಲ್ಲುತ್ತದೆ. ಒಂದೇ ದಿನದಲ್ಲಿ ಮುಗಿಯುವ ಕೆಲಸವೂ ಅಲ್ಲ. ಸುಮಾರು ಮೂರು ವಾರಗಳ ಅಂತರದಲ್ಲಿ ಮೂರು ಸಲ. ಮೊದಲು ಬಲಗಡೆಯ ಕೆಳಭಾಗ, ಅನಂತರ ಎಡಗಡೆಯ ಕೆಳಭಾಗ, ಕಡೆಗೆ ಎರಡು ಕಡೆಯ ಮೇಲ್ಭಾಗ. ಚರ್ಮದ ಮೇಲೆ ಕೊಯ್ತವಿಲ್ಲ. ‘ಸುಡುವುದು’ ಎಂದು ಆ ತಾಯಿ ಆಡಿದ ಮಾತು ಕಿವಿಗೆ ಕಠೋರವಾದರೂ ಅರ್ಥದಲ್ಲಿ ಬಹಳ ದೂರವಿಲ್ಲ.

ಹಳೆಯದೊಂದು ಎಚ್ಚರಿಕೆ

ಉಬ್ಬಸವನ್ನು ಶಸ್ತ್ರದಿಂದ ಗೆಲ್ಲುವ ಆಸೆ ಹೊಸದೇನೂ ಅಲ್ಲ. 1923ರಲ್ಲಿ ಜರ್ಮನಿಯ ಕ್ಯುಮೆಲ್ ಎಂಬ ಶಸ್ತ್ರವೈದ್ಯರು ಕುತ್ತಿಗೆಯ ನರಗಳನ್ನು ತೆಗೆಯುವ ಕ್ರಮವನ್ನು ಪ್ರಕಟಿಸಿದರು. 1942ರ ಹೊತ್ತಿಗೆ ಜಪಾನಿನ ಪ್ರಸಿದ್ಧ ಶಸ್ತ್ರವೈದ್ಯ ಕೋಮೆಯಿ ನಾಕಾಯಾಮಾ ಅವರು ಕುತ್ತಿಗೆಯ ರಕ್ತನಾಳದ ಕವಲಿನಲ್ಲಿರುವ, ಅಕ್ಕಿಕಾಳಿನಷ್ಟು ಗಾತ್ರದ ಒಂದು ಅಂಗವನ್ನು ತೆಗೆದುಹಾಕುವ ಚಿಕಿತ್ಸೆಯನ್ನು ಆರಂಭಿಸಿದರು. 1961ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ ಸುಮಾರು ನಾಲ್ಕು ಸಾವಿರ ರೋಗಿಗಳ ಲೆಕ್ಕವಿತ್ತು. ಬಹುಮಂದಿ ಸುಧಾರಿಸಿದರೆಂಬ ಸುದ್ದಿ ಕೇಳಿ ಅಮೆರಿಕೆಯಲ್ಲಿಯೂ ಅದು ಹಬ್ಬಿತು.

ಆಮೇಲೆ ಕೆಲವರು ಒಂದು ಪರೀಕ್ಷೆ ಮಾಡಿದರು. ಕೆಲವು ರೋಗಿಗಳಿಗೆ ಆ ಅಂಗವನ್ನು ತೆಗೆದರು. ಇನ್ನು ಕೆಲವರಿಗೆ ಚರ್ಮವನ್ನಷ್ಟೇ ಕೊಯ್ದು ಹೊಲಿದರು. ಯಾರಿಗೆ ಯಾವುದಾಯಿತೆಂದು ರೋಗಿಗೆ ತಿಳಿಸಲಿಲ್ಲ. ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ! ಗುಣವೆಂದು ಭಾವಿಸಿದ್ದು ಬಹುಪಾಲು ನಂಬಿಕೆಯ ಫಲ. ಅಷ್ಟೇ ಆಗಿದ್ದರೆ ನಷ್ಟವಿರಲಿಲ್ಲ. ತೆಗೆದುಹಾಕಿದ ಆ ಪುಟ್ಟ ಅಂಗವು ರಕ್ತದಲ್ಲಿ ಪ್ರಾಣವಾಯು ಕುಗ್ಗಿದಾಗ ಮೆದುಳಿಗೆ ‘ಉಸಿರಾಡು’ ಎಂದು ಎಚ್ಚರಿಕೆ ಕೊಡುವ ಕಾವಲುಗಾರ. ಎರಡೂ ಕಡೆ ಅದನ್ನು ಕಳೆದುಕೊಂಡವರಿಗೆ, ಮುಂದೆ ಉಬ್ಬಸ ಕೆರಳಿದಾಗ ಆ ಎಚ್ಚರಿಕೆಯ ಗಂಟೆಯೇ ಇಲ್ಲವಾಯಿತು. 1960ರ ದಶಕ ಮುಗಿಯುವಷ್ಟರಲ್ಲಿ ಆ ಚಿಕಿತ್ಸೆ ಹಿಂದೆ ಸರಿಯಿತು. ಶರೀರದಲ್ಲಿ ಒಮ್ಮೆ ಮಾಡಿದ ಮಾರ್ಪಾಟನ್ನು ಹಿಂದಕ್ಕೆ ಪಡೆಯಲಾಗದಿದ್ದರೆ, ಅದರ ಲೆಕ್ಕವನ್ನು ಹತ್ತು ಹದಿನೈದು ವರ್ಷಗಳವರೆಗೆ ಬರೆದಿಡಬೇಕೆಂಬುದು ವೈದ್ಯಲೋಕ ಆಗ ಕಲಿತ ನೀತಿ.

ಹತ್ತು ವರ್ಷಗಳ ಲೆಕ್ಕ

ಬಿಸಿಯ ಚಿಕಿತ್ಸೆಯ ವಿಷಯದಲ್ಲಿ ಆ ಲೆಕ್ಕವನ್ನು ಇಟ್ಟಿದ್ದಾರೆಂಬುದು ಮೆಚ್ಚತಕ್ಕ ಸಂಗತಿ. 2010ರಲ್ಲಿ ಪ್ರಕಟವಾದ ಮುಖ್ಯ ಪರೀಕ್ಷೆಯಲ್ಲಿ 288 ರೋಗಿಗಳಿದ್ದರು. 190 ಮಂದಿಗೆ ನಿಜವಾದ ಚಿಕಿತ್ಸೆ. 98 ಮಂದಿಗೆ ಕೊಳವೆ ಇಳಿಸಿ, ಬಿಸಿ ಕೊಡದೆ, ಕೊಟ್ಟಂತೆ ನಟನೆ. ವರ್ಷದ ಕೊನೆಗೆ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 79 ಮಂದಿ ತಮ್ಮ ಬದುಕು ಗಮನಾರ್ಹವಾಗಿ ಹಗುರವಾಗಿದೆ ಎಂದರು. ಬರಿಯ ನಟನೆ ಪಡೆದವರಲ್ಲಿ ಹಾಗೆಂದವರು ನೂರಕ್ಕೆ 64! ಹಳೆಯ ಜಪಾನೀ ಶಸ್ತ್ರಚಿಕಿತ್ಸೆಯ ಕಥೆಯನ್ನು ಬಲ್ಲವರಿಗೆ ಈ ಅಂಕಿ ಆಶ್ಚರ್ಯ ತರದು. ಆದರೆ ವ್ಯತ್ಯಾಸ ಅಲ್ಲಿಗೆ ನಿಲ್ಲಲಿಲ್ಲ. ಚಿಕಿತ್ಸೆಯ ಅವಧಿ ಕಳೆದ ಮೇಲೆ ತೀವ್ರ ಉಲ್ಬಣಗಳು ನಿಜವಾದ ಚಿಕಿತ್ಸೆಯವರಲ್ಲಿ ನೂರಕ್ಕೆ 32ರಷ್ಟು, ತುರ್ತು ಚಿಕಿತ್ಸಾ ಘಟಕಕ್ಕೆ ಓಡುವ ಪ್ರಸಂಗಗಳು ನೂರಕ್ಕೆ 84ರಷ್ಟು ಕಡಿಮೆಯಾಗಿದ್ದವು.

ಇದಕ್ಕೆ ತೆತ್ತ ಬೆಲೆಯೂ ಅದೇ ವರದಿಯಲ್ಲಿದೆ. ಚಿಕಿತ್ಸೆ ನಡೆಯುವ ವಾರಗಳಲ್ಲಿ ಉಸಿರಾಟದ ತೊಂದರೆ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಆ ಅವಧಿಯಲ್ಲಿ ಆಸ್ಪತ್ರೆ ಸೇರಬೇಕಾದವರು ಚಿಕಿತ್ಸೆಯ ಗುಂಪಿನಲ್ಲಿ ನೂರಕ್ಕೆ ಎಂಟಕ್ಕಿಂತ ತುಸು ಹೆಚ್ಚು, ನಟನೆಯ ಗುಂಪಿನಲ್ಲಿ ನೂರಕ್ಕೆ ಎರಡು. ಈ ಆಧಾರದ ಮೇಲೆ 2010ರ ಏಪ್ರಿಲಿನಲ್ಲಿ ಅಮೆರಿಕೆಯ ಆಹಾರ ಮತ್ತು ಔಷಧ ಆಡಳಿತವು, 18 ವರ್ಷ ದಾಟಿದ, ಔಷಧಗಳಿಗೆ ಮಣಿಯದ ತೀವ್ರ ಉಬ್ಬಸದವರಿಗೆ ಇದನ್ನು ಒಪ್ಪಿತು. ಮುಂದೆಯೂ ರೋಗಿಗಳನ್ನು ಗಮನಿಸುತ್ತಿರಬೇಕೆಂದು ಕಟ್ಟುಪಾಡು ಹಾಕಿತು. ನಮ್ಮ ದೇಶದ ಕೆಲವು ದೊಡ್ಡ ಆಸ್ಪತ್ರೆಗಳಿಗೂ ಅದು ಮುಂದಿನ ವರ್ಷಗಳಲ್ಲಿ ಬಂತು.

2013ರಲ್ಲಿ ಐದು ವರ್ಷಗಳ ಫಲ ಹೊರಬಂತು. 190 ಮಂದಿಯಲ್ಲಿ 162 ಮಂದಿ ಕೊನೆಯವರೆಗೂ ತಪಾಸಣೆಗೆ ಬಂದಿದ್ದರು. ಉಲ್ಬಣಗಳು ಚಿಕಿತ್ಸೆಗೆ ಹಿಂದಿನ ವರ್ಷಕ್ಕಿಂತ ಕಡಿಮೆಯಾಗಿಯೇ ಉಳಿದಿದ್ದವು. ಶ್ವಾಸಕೋಶದ ಬಲ ಕುಸಿದಿರಲಿಲ್ಲ. ಇಲ್ಲೊಂದು ಕೊರತೆಯನ್ನು ಹೇಳಲೇಬೇಕು: ನಟನೆಯ ಗುಂಪಿನವರನ್ನು ಒಂದು ವರ್ಷದಾಚೆಗೆ ಹೀಗೆ ಗಮನಿಸಲಿಲ್ಲವಾದ್ದರಿಂದ, ಆ ಸುಧಾರಣೆಯಲ್ಲಿ ಚಿಕಿತ್ಸೆಯ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ತೂಗಲು ಸರಿಯಾದ ತಕ್ಕಡಿ ಉಳಿಯಲಿಲ್ಲ.

ಆ ತಾಯಿ ಕೇಳಿದ ಪ್ರಶ್ನೆಗೆ ನೇರವಾದ ಉತ್ತರವಿರುವುದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ. ಹಿಂದಿನ ಮೂರು ಪರೀಕ್ಷೆಗಳಲ್ಲಿ ಪಾಲ್ಗೊಂಡಿದ್ದ 429 ಮಂದಿಯಲ್ಲಿ 192 ಮಂದಿಯನ್ನು, ಹತ್ತು ವರ್ಷಗಳಿಗೂ ಹೆಚ್ಚು ಕಾಲದ ನಂತರ ಮತ್ತೆ ಕರೆಸಿ ಪರೀಕ್ಷಿಸಿದರು. ಅವರಲ್ಲಿ 136 ಮಂದಿ ಆ ಪರೀಕ್ಷೆಗಳಲ್ಲೇ ಬಿಸಿಯ ಚಿಕಿತ್ಸೆ ಪಡೆದವರು. ಮೊದಲ ವರ್ಷ, ಐದನೆಯ ವರ್ಷಗಳಲ್ಲಿ ಕಂಡ ಸುಧಾರಣೆ ಹತ್ತು ವರ್ಷ ಕಳೆದ ಮೇಲೂ ಹೆಚ್ಚುಕಡಿಮೆ ಹಾಗೆಯೇ ಇತ್ತು. ಸ್ಕ್ಯಾನ್ ಮಾಡಿ ನೋಡಿದಾಗ, ಮೊದಲು ಆ ದೋಷವಿಲ್ಲದಿದ್ದ 89 ಮಂದಿಯಲ್ಲಿ ಆರು ಮಂದಿಗೆ, ಎಂದರೆ ನೂರಕ್ಕೆ ಏಳರಷ್ಟು ಜನರಿಗೆ, ಶ್ವಾಸನಾಳ ಅಲ್ಲಲ್ಲಿ ಅಗಲವಾಗಿ ಸಡಿಲಗೊಂಡಿರುವುದು ಕಂಡಿತು. ಐವರಲ್ಲಿ ಅದು ಅಲ್ಪ, ಒಬ್ಬರಲ್ಲಿ ಮಧ್ಯಮ. ತೀವ್ರ ಉಬ್ಬಸದವರಿಗೆ ಯಾವ ಚಿಕಿತ್ಸೆಯಿಲ್ಲದೆಯೂ ಈ ದೋಷ ಬರಬಹುದಾದ್ದರಿಂದ ಅದನ್ನು ಪೂರ್ತಿಯಾಗಿ ಬಿಸಿಯ ತಲೆಗೆ ಕಟ್ಟಲಾಗದು. ಆದರೆ ಮರಳಿ ಬಂದವರು ಅರ್ಧಕ್ಕಿಂತ ಕಡಿಮೆ ಎಂಬುದನ್ನೂ ನೆನಪಿಡಬೇಕು.

ಎಲ್ಲವನ್ನೂ ಕೂಡಿಸಿದರೆ ಹೀಗೆ ಹೇಳಬಹುದು: ಜಪಾನೀ ಶಸ್ತ್ರಚಿಕಿತ್ಸೆಯಂತೆ ಇದು ಕಾಲಾಂತರದಲ್ಲಿ ವಂಚಿಸಿದ ಚಿಕಿತ್ಸೆಯಾಗಿಲ್ಲ. ಅಪಾಯವೆಲ್ಲ ಬಹುಪಾಲು ಮೊದಲ ವಾರಗಳಲ್ಲಿದೆ. ಆಮೇಲಿನ ವರ್ಷಗಳು ಸಾಕಷ್ಟು ಶಾಂತ. ಆದರೆ ಲಾಭ ಮಿತವಾದುದು, ರೋಗ ಬುಡಸಹಿತ ಹೋಗುವುದಿಲ್ಲ. ನಮ್ಮ ಪರಿಚಯದ ಮನೆತನವೊಂದರ ಹೆಣ್ಣುಮಗಳು ಎಂಟು ವರ್ಷಗಳ ಹಿಂದೆ ಬೇರೊಂದು ನಗರದಲ್ಲಿ ಇದನ್ನು ಮಾಡಿಸಿಕೊಂಡರು. ಎರಡನೆಯ ಸಲದ ಬಳಿಕ ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಈಗ ಹೇಗಿದ್ದೀರಮ್ಮ ಎಂದು ಕೇಳಿದ್ದಕ್ಕೆ, “ಗುಣ ಆಯ್ತು ಅನ್ನಲಾರೆ ಸ್ವಾಮಿ, ಹಗುರ ಆಯ್ತು. ಪಂಪು ಈಗಲೂ ಸೆರಗಿನಲ್ಲೇ ಇದೆ” ಎಂದರು. ಅಧ್ಯಯನಗಳ ಸಾರವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ನಮ್ಮಿಂದಾಗದು.

ಇಂದಿನ ವೈದ್ಯರ ನಿಲುವು

ಈ ನಡುವೆ ಕಾಲವೂ ಮುಂದೆ ಹೋಗಿದೆ. ಉಬ್ಬಸದ ಮೂಲದಲ್ಲಿರುವ ಉರಿಯೂತವನ್ನೇ ಗುರಿಯಿಟ್ಟು ತಡೆಯುವ ಚುಚ್ಚುಮದ್ದುಗಳು ಬಂದಿವೆ. 2003ರಲ್ಲಿ ಅಮೆರಿಕೆಯಲ್ಲಿ ಒಪ್ಪಿಗೆ ಪಡೆದ ಒಮಾಲಿಝುಮಾಬ್ ಮೊದಲನೆಯದು. 2015ರಿಂದೀಚೆಗೆ ಮೆಪೋಲಿಝುಮಾಬ್, ಬೆನ್ರಾಲಿಝುಮಾಬ್ ಮುಂತಾದವು ಸೇರಿವೆ. ಬೆಲೆ ದುಬಾರಿ, ಎಲ್ಲರಿಗೂ ಒಗ್ಗುವುದೂ ಇಲ್ಲ. ಆದರೆ ಒಗ್ಗದಿದ್ದರೆ ನಿಲ್ಲಿಸಬಹುದು. ಶಾಖ ಕೊಟ್ಟ ನಾಳವನ್ನು ಮೊದಲಿನಂತೆ ಮಾಡಲಾಗದು. ಬಿಸಿಯ ಚಿಕಿತ್ಸೆಯ ಬಳಕೆ ಈಚೆಗೆ ಕುಗ್ಗಿದ್ದಕ್ಕೆ ಇದೂ ಒಂದು ಕಾರಣ. 2014ರಲ್ಲಿ ಐರೋಪ್ಯ ಮತ್ತು ಅಮೆರಿಕನ್ ಶ್ವಾಸರೋಗ ತಜ್ಞರ ಸಂಘಗಳು, ದಾಖಲೆಯಿಡುವ ಅಧ್ಯಯನದ ಚೌಕಟ್ಟಿನಲ್ಲಿ ಮಾತ್ರ ಇದನ್ನು ಮಾಡಬೇಕೆಂದವು. 2020ರ ಅಮೆರಿಕೆಯ ರಾಷ್ಟ್ರೀಯ ಮಾರ್ಗಸೂಚಿಯು ಸಾಮಾನ್ಯವಾಗಿ ಇದನ್ನು ಶಿಫಾರಸು ಮಾಡಲಾಗದೆಂದೂ, ಸಾಧಕಬಾಧಕಗಳನ್ನೆಲ್ಲ ಅರಿತು ಒಪ್ಪುವ ರೋಗಿಗೆ ಮಾತ್ರ ಯೋಚಿಸಬಹುದೆಂದೂ ಹೇಳಿತು.

ಯಾರಾದರೂ ಈ ದಾರಿ ಹಿಡಿಯುವುದಾದರೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ರೋಗ ಉಬ್ಬಸವೇ ಎಂದು ಊದಿಸಿ ನೋಡುವ ಪರೀಕ್ಷೆಯಿಂದ ಖಚಿತವಾಗಿದೆಯೇ? ರಕ್ತಪರೀಕ್ಷೆ ಮಾಡಿ ಚುಚ್ಚುಮದ್ದು ಒಗ್ಗುವುದೇ ಎಂದು ನೋಡಿದ್ದಾರೆಯೇ? ಎದೆಯಲ್ಲಿ ಪೇಸ್‌ಮೇಕರ್‌ನಂಥ ವಿದ್ಯುತ್ ಸಾಧನವಿದೆಯೇ? ಇದ್ದವರಿಗೆ ಈ ಚಿಕಿತ್ಸೆ ಸಲ್ಲದು. ಈಚೆಗೆ ಸೋಂಕು ತಗುಲಿತ್ತೇ, ಎರಡು ವಾರದೊಳಗೆ ಉಬ್ಬಸ ಕೆರಳಿತ್ತೇ? ಹಾಗಿದ್ದರೆ ಮುಂದೂಡಬೇಕು. ಮುಂದಿನ ವರ್ಷಗಳಲ್ಲಿ ಕರೆದು ತಪಾಸಣೆ ಮಾಡುವವರು ಯಾರು? ಕೊನೆಯ ಪ್ರಶ್ನೆಗೆ ಉತ್ತರ ಸಿಗದ ಕಡೆ ಅವಸರಪಡದಿರುವುದು ಲೇಸು.

ತೀವ್ರವೋ, ತಿದ್ದಬಹುದಾದದ್ದೋ

ಎಲ್ಲಕ್ಕಿಂತ ಮೊದಲಿನ ಪ್ರಶ್ನೆ ಇನ್ನೊಂದಿದೆ: ಉಬ್ಬಸ ನಿಜವಾಗಿ ತೀವ್ರವೋ, ಅಥವಾ ಚಿಕಿತ್ಸೆ ಸರಿಯಾಗಿ ನಡೆಯದೆ ತೀವ್ರವಾಗಿ ಕಾಣುತ್ತಿದೆಯೋ? 2015ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್ ದೇಶದ ಒಂದು ಲೆಕ್ಕದಂತೆ, ಅಸ್ತಮಾ ಇರುವ ವಯಸ್ಕರಲ್ಲಿ ನೂರಕ್ಕೆ ನಾಲ್ವರಿಗಿಂತ ಕಡಿಮೆ ಜನರದು ಮಾತ್ರ ನಿಜವಾದ ತೀವ್ರ ಉಬ್ಬಸ. ಹತೋಟಿಗೆ ಬಾರದ ಉಳಿದವರಲ್ಲಿ ಇನ್ಹೇಲರ್ ಎಳೆದುಕೊಳ್ಳುವ ಕ್ರಮ ತಪ್ಪಿರುತ್ತದೆ, ಇಲ್ಲವೆ ಮದ್ದನ್ನು ನಡುವೆ ಬಿಟ್ಟಿರುತ್ತಾರೆ.

ಇದು ನಮ್ಮ ನಾಡಿಗೆ ದೂರದ ಮಾತಲ್ಲ. ಬೆಂಗಳೂರಿನ ಮಕ್ಕಳ ಶ್ವಾಸರೋಗ ತಜ್ಞ ಡಾ. ಎಚ್. ಪರಮೇಶ್ ಅವರು ಅಲ್ಲಿಯ ಮಕ್ಕಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ 1979ರಲ್ಲಿ ನೂರಕ್ಕೆ 9 ಇದ್ದ ಅಸ್ತಮಾ 1999ರಲ್ಲಿ 29.5ಕ್ಕೆ ಏರಿತ್ತು. ಸುತ್ತೂರು ಮಠದ ಆಶ್ರಯದಲ್ಲಿ ನಡೆಯುತ್ತಿರುವ ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ವೈದ್ಯರು ಆ ಜಿಲ್ಲೆಯ ಹಳ್ಳಿಗಳಲ್ಲಿ ಉಸಿರಾಟದ ರೋಗಗಳನ್ನು ಕುರಿತು ಅಧ್ಯಯನ ನಡೆಸಿರುವುದು ಅಭಿನಂದನೀಯ. ಆದರೂ ‘ಇನ್ಹೇಲರ್ ಹಿಡಿದರೆ ಬಿಡಲಾಗದು’ ಎಂಬ ಅಂಜಿಕೆ ಮನೆಮನೆಯಲ್ಲಿದೆ. ಮೃಗಶಿರಾ ಮಳೆ ಹುಟ್ಟುವ ದಿನ ಹೈದರಾಬಾದಿನಲ್ಲಿ ಕೊಡುವ ಮೀನಿನ ಮದ್ದಿಗೆ, ಶಾಕಾಹಾರಿಗಳಿಗೆ ಬೆಲ್ಲದಲ್ಲಿ ಕೊಡುತ್ತಾರೆಂದು ನಮ್ಮವರೂ ಹೋಗಿಬಂದದ್ದುಂಟು. ಹೋಗಿಬಂದವರು ದಿನನಿತ್ಯದ ಮದ್ದನ್ನು ಬಿಟ್ಟುಬಿಡುವುದು ಮಾತ್ರ ಅಪಾಯಕರ.

ತೋಟದ ನಾಡಿನವರು ಗಮನಿಸಬೇಕಾದ ಇನ್ನೊಂದು ವಿಷಯ: ಹುರಿಯದ ಕಾಫಿಬೀಜದ ಧೂಳು ಕೆಲವರಲ್ಲಿ ಉಬ್ಬಸ ತರುವುದೆಂದು ವೈದ್ಯರು ಕಂಡುಕೊಂಡಿದ್ದಾರೆ. ವಿಚಿತ್ರವೆಂದರೆ ಅದೇ ಕಾಫಿಯ ಗಟ್ಟಿ ಕಷಾಯವನ್ನು 1860ರಲ್ಲಿ ಇಂಗ್ಲೆಂಡಿನ ಹೈಡ್ ಸಾಲ್ಟರ್ ಎಂಬ ವೈದ್ಯರು, ತಾವೇ ಉಬ್ಬಸದ ರೋಗಿಯಾಗಿ, ಒಳ್ಳೆಯ ಪರಿಹಾರವೆಂದು ಬರೆದರು. ಕಾಫಿಯ ಸತ್ವ ಮತ್ತು ಥಿಯೋಫಿಲಿನ್ ಎಂಬ ಹಳೆಯ ಉಬ್ಬಸದ ಮದ್ದು ದಾಯಾದಿಗಳು. ಹಾಗೆಂದು ಲೋಟ ಕಾಫಿಯನ್ನು ಇನ್ಹೇಲರಿಗೆ ಬದಲಿಯೆಂದು ತಿಳಿಯಬಾರದು.

ಮನೆಯೊಳಗಿನ ಹೊಗೆಯ ವಿಷಯವನ್ನು ಸಂಕೋಚವಿಲ್ಲದೆ ಹೇಳುತ್ತೇವೆ. ಸೌದೆಯ ಹೊಗೆಯಂತೆ ಲೋಬಾನ, ಊದುಬತ್ತಿಗಳ ಹೊಗೆಯೂ ಉಬ್ಬಸದವರ ನಾಳವನ್ನು ಕೆರಳಿಸುತ್ತದೆ. ಪೂಜೆಗೆ ಪತ್ರೆ, ಪುಷ್ಪ, ಒಂದು ದೀಪ ಸಾಕು. ಮನೆಯಲ್ಲಿ ಒಂದು ಜೀವ ಉಸಿರಿಗಾಗಿ ಹೆಣಗುತ್ತಿರುವಾಗ ಧೂಪವನ್ನು ಬಿಡುವುದರಿಂದ ಭಕ್ತಿಗೆ ಕುಂದುಂಟಾಗದು.

ಹೆಬ್ಬೆಯ ಮಗನ ಕಥೆ ಏನಾಯಿತೆಂದು ಓದುಗರು ಕೇಳುವುದು ಸಹಜ. ಇಷ್ಟನ್ನೂ ಆ ಮನೆಯವರಿಗೆ ತಿಳಿಸಿ, ತೀರ್ಮಾನ ನಿಮ್ಮದೇ ಎಂದೆವು. ಅವರು ಚಿಕಿತ್ಸೆಗೆ ಒಪ್ಪುವ ಮುನ್ನ ಬೋಧಕ ಆಸ್ಪತ್ರೆಯೊಂದರಲ್ಲಿ ಮತ್ತೊಮ್ಮೆ ತೋರಿಸಿದರು. ಅಲ್ಲಿಯ ವೈದ್ಯೆ ಮೊದಲು, “ನಿಮ್ಮ ಪಂಪು ತೆಗೆದು ನನ್ನೆದುರು ಎಳೆದು ತೋರಿಸಿ” ಎಂದರಂತೆ. ಮದ್ದೆಲ್ಲ ನಾಲಿಗೆಯ ಮೇಲೆಯೇ ಉಳಿಯುತ್ತಿತ್ತು! ಉಸಿರು ಬಿಟ್ಟು, ಒತ್ತಿ, ನಿಧಾನವಾಗಿ ಒಳಗೆಳೆದು, ಹತ್ತು ಎಣಿಸುವವರೆಗೆ ತಡೆದು, ಕೊನೆಗೆ ಬಾಯಿ ಮುಕ್ಕಳಿಸುವ ಕ್ರಮವನ್ನು ಕಲಿಸಿದರು. ಬಿಗಿತವನ್ನು ಕ್ಷಣಕಾಲ ಸಡಿಲಿಸುವ ನೀಲಿ ಪಂಪೊಂದನ್ನೇ ನೆಚ್ಚುವ ಪದ್ಧತಿಯನ್ನು ಜಾಗತಿಕ ಮಾರ್ಗಸೂಚಿ 2019ರಲ್ಲಿಯೇ ಕೈಬಿಟ್ಟಿದೆಯೆಂದು ತಿಳಿಸಿ, ಉರಿಯೂತವನ್ನು ತಗ್ಗಿಸುವ ಮದ್ದನ್ನು ಬೇಸಿಗೆಯಲ್ಲೂ ಬಿಡದಂತೆ ಕಟ್ಟುನಿಟ್ಟು ಮಾಡಿದರು. ಕಾಫಿ ಬೀಜ ತುಂಬುವ ಕೋಣೆಗೆ ಅವನು ಹೋಗುವುದು ನಿಂತಿತು. ಅಡುಗೆಮನೆಗೆ ಗ್ಯಾಸ್ ಒಲೆ ಬಂತು.

ಆರು ತಿಂಗಳಲ್ಲಿ ಒಮ್ಮೆ ಮಾತ್ರ, ಅದೂ ಶೀತಜ್ವರ ಬಂದಾಗ, ಅವನು ಆಸ್ಪತ್ರೆಗೆ ಹೋಗಿಬಂದಿದ್ದಾನೆ. ಮುಂದೆಂದಾದರೂ ಇದು ಸಾಲದೆ ಹೋಗಿ ಚುಚ್ಚುಮದ್ದೋ ಬೇರೆ ಚಿಕಿತ್ಸೆಯೋ ಬೇಕಾದೀತು. ಆಗ ಕೇಳಬೇಕಾದ ಪ್ರಶ್ನೆಗಳು ಅವರ ಕೈಯಲ್ಲಿವೆ. ತೋಟದ ಪತ್ರ ಪೆಟ್ಟಿಗೆಯಲ್ಲೇ ಉಳಿದಿದೆ.

ಈಚೆಗೆ ಆ ತಾಯಿ ಫೋನಿನಲ್ಲಿ ಮಾತನಾಡುತ್ತ, “ಮಗ ಮೊನ್ನೆ ಜಲಪಾತದ ತನಕ ನಡೆದುಹೋಗಿ ಬಂದ” ಎಂದರು. ನಡುವೆ ಎಷ್ಟು ಸಲ ಕೂತನೆಂದು ನಾವು ಕೇಳಲಿಲ್ಲ. ನಮ್ಮ ಓದುಗರ ಮನೆಗಳಲ್ಲಿ ಉಬ್ಬಸದಿಂದ ಬಳಲುವವರೆಲ್ಲರಿಗೂ ಅಂಥದೊಂದು ನಡಿಗೆ ಕೈಗೂಡಲೆಂದು ಹಾರೈಸುತ್ತೇವೆ.